ಭೂಫಲಕ ಎಂದರೇನು? ಅದು ಭೂಮಿಯ ಯಾವ ಪದರ?

ಎಲ್ಲಾದರೂ ದೊಡ್ಡ ಭೂಕಂಪವಾದಾಗ ಸುದ್ದಿಯಲ್ಲಿ ‘ಭೂಫಲಕಗಳ ಘರ್ಷಣೆ’ ಎಂಬ ಮಾತು ಬಂದೇ ಬರುತ್ತದೆ. ಅದರ ಬೆನ್ನಿಗೆ ಒಂದು ವಿವರಣೆಯೂ ಬರುತ್ತದೆ: ಫಲಕ ಎಂದರೆ ಭೂಮಿಯ ಹೊರಚಿಪ್ಪಿನ ತುಂಡು, ಅದು ಕೆಳಗೆ ಕುದಿಯುತ್ತಿರುವ ಶಿಲಾರಸದ ಸಮುದ್ರದ ಮೇಲೆ ತೇಲುತ್ತಿದೆ. ಇದರಲ್ಲಿ ಎರಡು ತಪ್ಪುಗಳಿವೆ. ಫಲಕವೆಂದರೆ ಹೊರಚಿಪ್ಪು ಮಾತ್ರ ಅಲ್ಲ. ಅದರ ಕೆಳಗೆ ಶಿಲಾರಸದ ಸಮುದ್ರವೂ ಇಲ್ಲ. ಈ ಎರಡು ತಪ್ಪುಗಳು ಮನಸ್ಸಿನಲ್ಲಿ ಉಳಿದರೆ ಭೂಕಂಪವಾಗಲಿ, ಜ್ವಾಲಾಮುಖಿಯಾಗಲಿ, ಪರ್ವತವಾಗಲಿ ಸರಿಯಾಗಿ ಅರ್ಥವಾಗುವುದಿಲ್ಲ.

ಭೂಮಿಯ ಪದರಗಳನ್ನು ಎರಡು ಬಗೆಯಲ್ಲಿ ವಿಂಗಡಿಸುತ್ತಾರೆ. ಯಾವ ಪದರ ಯಾವ ವಸ್ತುವಿನಿಂದ ಆಗಿದೆ ಎಂದು ನೋಡುವುದು ಒಂದು ಬಗೆ. ಯಾವ ಪದರ ಎಷ್ಟು ಗಡುಸು ಎಂದು ನೋಡುವುದು ಇನ್ನೊಂದು. ಶಾಲಾ ಪುಸ್ತಕದ ಚಿತ್ರದಲ್ಲಿರುವ ಭೂಕವಚ (ಅಂದರೆ ಹೊರಚಿಪ್ಪು), ಮ್ಯಾಂಟಲ್, ಕೇಂದ್ರಗೋಳ ಎಂಬ ಹೆಸರುಗಳು ಮೊದಲನೆಯ ಬಗೆಗೆ ಸೇರಿದವು. ಫಲಕ ಎಂಬುದು ಎರಡನೆಯ ಬಗೆಯ ಮಾತು. ಇವೆರಡನ್ನೂ ಒಂದೇ ಚಿತ್ರದಲ್ಲಿ ಕಲಸಿಬಿಟ್ಟಾಗ ಗೊಂದಲ ಶುರುವಾಗುತ್ತದೆ.

ಮೊದಲು ವಸ್ತುವಿನ ಲೆಕ್ಕ. ಭೂಕವಚ ತೀರ ತೆಳ್ಳಗಿದೆ. ಸಾಗರಗಳ ತಳದಲ್ಲಿ ಅದರ ದಪ್ಪ ಸುಮಾರು 7 ಕಿ.ಮೀ.; ಅಲ್ಲಿರುವುದು ಬಸಾಲ್ಟ್ ಜಾತಿಯ ಕಪ್ಪನೆಯ, ತೂಕದ ಕಲ್ಲು. ಖಂಡಗಳಡಿ ಅದು ಸರಾಸರಿ 35ರಿಂದ 40 ಕಿ.ಮೀ. ದಪ್ಪವಿದ್ದು, ಟಿಬೆಟ್ ಪ್ರಸ್ಥಭೂಮಿಯಡಿ 70 ಕಿ.ಮೀ.ವರೆಗೂ ಹೋಗುತ್ತದೆ, ಅಲ್ಲಿ ಗ್ರಾನೈಟ್‌ನಂಥ ಹಗುರ ಶಿಲೆಗಳ ಪಾಲು ದೊಡ್ಡದು. ಈ ತೂಕದ ವ್ಯತ್ಯಾಸ ಮುಂದೆ ಬಹಳ ಮುಖ್ಯವಾಗುತ್ತದೆ. ಭೂಕವಚದ ಬುಡದಿಂದ ಸುಮಾರು 2,900 ಕಿ.ಮೀ. ಆಳದವರೆಗೆ ಮ್ಯಾಂಟಲ್. ಭೂಮಿಯ ಗಾತ್ರದಲ್ಲಿ ಶೇ 80ಕ್ಕೂ ಹೆಚ್ಚು ಪಾಲು ಇದರದೇ. ಅದರೊಳಗಿನದು ಕಬ್ಬಿಣ ಮತ್ತು ನಿಕಲ್‌ನ ಕೇಂದ್ರಗೋಳ. ಸುಮಾರು 5,150 ಕಿ.ಮೀ. ಆಳದವರೆಗಿನ ಹೊರಭಾಗ ದ್ರವರೂಪದಲ್ಲಿದೆ, ಅಲ್ಲಿಂದ 6,371 ಕಿ.ಮೀ. ಆಳದ ನಡುಬಿಂದುವಿನವರೆಗಿನ ಒಳಭಾಗ ಗಟ್ಟಿ. ಒಳಭಾಗದ ಬಿಸಿ 5,000 ಡಿಗ್ರಿ ಸೆಲ್ಸಿಯಸ್ ಮೀರಿದ್ದರೂ ಮೇಲಿನ ಅಗಾಧ ಒತ್ತಡ ಅಲ್ಲಿನ ಕಬ್ಬಿಣವನ್ನು ಕರಗಲು ಬಿಡುವುದಿಲ್ಲ. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಕಾಂತಕ್ಷೇತ್ರ ಹುಟ್ಟುವುದು ಹೊರಭಾಗದ ದ್ರವಲೋಹದ ಸುಳಿದಾಟದಿಂದ.

ಇದನ್ನೆಲ್ಲ ಯಾರೂ ಕಣ್ಣಾರೆ ಕಂಡಿಲ್ಲ. ಸೋವಿಯತ್ ವಿಜ್ಞಾನಿಗಳು ಕೋಲಾ ಪರ್ಯಾಯ ದ್ವೀಪದಲ್ಲಿ 1970ರಲ್ಲಿ ಕೊರೆಯಲು ತೊಡಗಿದ ಬಾವಿ 1989ರ ಹೊತ್ತಿಗೆ 12,262 ಮೀಟರ್ ಆಳ ಮುಟ್ಟಿತು. ಭೂಮಿಯ ತ್ರಿಜ್ಯದ ಐನೂರರಲ್ಲಿ ಒಂದು ಪಾಲು ಅದು. ಭೂಕವಚವನ್ನೇ ದಾಟಲಾಗಲಿಲ್ಲ. ಆಚೆಗಿನ ಸುದ್ದಿಯನ್ನೆಲ್ಲ ತಂದುಕೊಟ್ಟಿರುವುದು ಭೂಕಂಪದ ಅಲೆಗಳು. ಭೂಮಿಯೊಳಗೆ ಹಾಯುವ ಈ ಅಲೆಗಳಲ್ಲಿ ಎರಡು ಬಗೆ. ಪಿ ಅಲೆ ವೇಗವಾಗಿ ಸಾಗುತ್ತದೆ, ಘನ ದ್ರವಗಳೆರಡರಲ್ಲೂ ಹಾಯುತ್ತದೆ. ಎಸ್ ಅಲೆ ನಿಧಾನ, ಘನದಲ್ಲಿ ಮಾತ್ರ ಹಾಯುತ್ತದೆ. ದ್ರವ ಎದುರಾದರೆ ಅಲ್ಲಿಗೇ ನಿಲ್ಲುತ್ತದೆ. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಿಚರ್ಡ್ ಓಲ್ಡ್‌ಹ್ಯಾಮ್ 1897ರ ಅಸ್ಸಾಂ ಭೂಕಂಪದ ದಾಖಲೆಗಳಲ್ಲಿ ಈ ಅಲೆಗಳನ್ನು ಬೇರೆ ಬೇರೆಯಾಗಿ ಗುರುತಿಸಿದರು; 1906ರಲ್ಲಿ ಭೂಮಿಗೆ ಕೇಂದ್ರಗೋಳವಿದೆ ಎಂಬುದಕ್ಕೆ ಅವುಗಳಿಂದಲೇ ಸಾಕ್ಷ್ಯ ಕೊಟ್ಟರು. ಭೂಕವಚ ಮುಗಿದು ಮ್ಯಾಂಟಲ್ ಶುರುವಾಗುವ ಗಡಿಯನ್ನು 1909ರಲ್ಲಿ ಕ್ರೊಯೇಷ್ಯಾದ ಆಂದ್ರಿಯಾ ಮೊಹೊರೊವಿಚಿಚ್ ಕಂಡುಹಿಡಿದರು.

ಇವರ ಸಾಲಿನಲ್ಲಿ ನನಗೆ ಅತಿ ದೊಡ್ಡವರಾಗಿ ಕಾಣುವವರು ಡೆನ್ಮಾರ್ಕಿನ ಇಂಗೆ ಲೇಮನ್. ಭೂಕಂಪದ ಕೇಂದ್ರದಿಂದ ಸುಮಾರು 104ರಿಂದ 140 ಡಿಗ್ರಿ (ಭೂಮಿಯ ನಡುಬಿಂದುವಿನಲ್ಲಿ ಅಳೆದ ಕೋನ) ದೂರದಲ್ಲಿರುವ ಪ್ರದೇಶಕ್ಕೆ ಪಿ ಅಲೆಗಳು ನೇರವಾಗಿ ತಲುಪುವುದಿಲ್ಲ, ಏಕೆಂದರೆ ದ್ರವ ಕೇಂದ್ರಗೋಳ ಅವುಗಳನ್ನು ಬಾಗಿಸಿಬಿಡುತ್ತದೆ. ಅದಕ್ಕೆ ನೆರಳಿನ ವಲಯ ಎಂದು ಹೆಸರು. 1929ರಲ್ಲಿ ನ್ಯೂಜಿಲೆಂಡಿನಲ್ಲಿ ಆದ ಭೂಕಂಪದ ದಾಖಲೆಗಳನ್ನು ನೋಡುವಾಗ, ಬರಬಾರದ ಆ ವಲಯದಲ್ಲೂ ಪಿ ಅಲೆಗಳು ಕ್ಷೀಣವಾಗಿ ಬಂದಿರುವುದು ಲೇಮನ್ ಅವರ ಕಣ್ಣಿಗೆ ಬಿತ್ತು. ಮಾಪಕದ ದೋಷ ಎಂದು ತಳ್ಳಿಹಾಕುವಷ್ಟು ಸಣ್ಣ ಗುರುತುಗಳು ಅವು. ಲೇಮನ್ ತಳ್ಳಿಹಾಕಲಿಲ್ಲ. ಗಣಕಯಂತ್ರವಿಲ್ಲದ ಕಾಲ, ಯಾವ ಅಲೆ ಎಲ್ಲಿಗೆ ಎಷ್ಟು ಹೊತ್ತಿಗೆ ತಲುಪಿತು ಎಂದು ಕಾರ್ಡುಗಳ ಮೇಲೆ ಬರೆದು ರಟ್ಟಿನ ಡಬ್ಬಿಗಳಲ್ಲಿ ಜೋಡಿಸಿಕೊಂಡು ಲೆಕ್ಕ ಹಾಕುತ್ತಿದ್ದರು. ದ್ರವದ ನಡುವೆ ಬೇರೆ ಗುಣದ ಇನ್ನೊಂದು ಗೋಳವಿದ್ದು, ಅಲೆಗಳು ಅದಕ್ಕೆ ತಾಗಿ ಹೊರಳಿ ಬಂದಿರಬೇಕು ಎಂದು 1936ರಲ್ಲಿ ಪ್ರಕಟಿಸಿದರು. ಒಳ ಕೇಂದ್ರಗೋಳ ಸಿಕ್ಕಿದ್ದು ಹಾಗೆ.

ಅಲೆಗಳು ಹೇಳುವ ಇನ್ನೊಂದು ಸಂಗತಿಯೇ ನಮ್ಮ ವಿಷಯಕ್ಕೆ ಕೀಲಿ. ಎಸ್ ಅಲೆಗಳು ಮ್ಯಾಂಟಲ್‌ನ ಉದ್ದಗಲಕ್ಕೂ ಹಾದುಹೋಗುತ್ತವೆ. ಅಂದರೆ ಮ್ಯಾಂಟಲ್ ಗಟ್ಟಿ ಕಲ್ಲು. ಆದರೆ ಕಲ್ಲೆಲ್ಲ ಒಂದೇ ರೀತಿ ಗಡುಸಾಗಿರಬೇಕಿಲ್ಲ. ಹಿಮನದಿಯ ಮಂಜುಗಡ್ಡೆ ಕೊಡಲಿಯ ಏಟಿಗೆ ಒಡೆಯುತ್ತದೆ, ಆದರೂ ವರ್ಷಗಟ್ಟಲೆ ಕಣಿವೆಯಲ್ಲಿ ಇಳಿಯುತ್ತಾ ಹರಿಯುತ್ತದೆ. ಕರಗುವ ಬಿಸಿಯ ಹತ್ತಿರಕ್ಕೆ ಬಂದ ಕಲ್ಲೂ ಹಾಗೆಯೇ. ಇಲ್ಲಿ ಎರಡನೆಯ ಬಗೆಯ ವಿಂಗಡಣೆ ಬರುತ್ತದೆ. ಮೇಲಿನ ಸುಮಾರು 100 ಕಿ.ಮೀ. ತಂಪಾಗಿದೆ, ಬಿರುಸಾಗಿದೆ, ಹೆಚ್ಚು ಎಳೆದರೆ ಒಡೆಯುತ್ತದೆ. ಇದು ಶಿಲಾಗೋಳ. ಇದರಲ್ಲಿ ಇಡೀ ಭೂಕವಚವೂ ಅದಕ್ಕೆ ಅಂಟಿಕೊಂಡಿರುವ ಮ್ಯಾಂಟಲ್‌ನ ಮೇಲ್ಭಾಗವೂ ಸೇರಿವೆ. ಇದರ ಕೆಳಗಿನ ಮ್ಯಾಂಟಲ್ ಬಿಸಿಯಾಗಿ, ಮೆದುವಾಗಿ, ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ಹರಿಯಬಲ್ಲದು. ಇದಕ್ಕೆ ಅಸ್ಥೆನೋಸ್ಫಿಯರ್ ಎನ್ನುತ್ತಾರೆ.

ಶಿಲಾಗೋಳ ಒಂದೇ ಹಾಳೆಯಾಗಿ ಉಳಿದಿಲ್ಲ, ಹೋಳುಗಳಾಗಿದೆ. ಒಂದೊಂದು ಹೋಳೂ ಒಂದೊಂದು ಭೂಫಲಕ. ಪೆಸಿಫಿಕ್, ಉತ್ತರ ಅಮೆರಿಕ, ದಕ್ಷಿಣ ಅಮೆರಿಕ, ಯುರೇಷ್ಯಾ, ಆಫ್ರಿಕಾ, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾ, ಭಾರತ ಇವು ದೊಡ್ಡವು. ಸಣ್ಣವು ಇನ್ನೂ ಹಲವು ಇವೆ. ಹೆಸರು ನೋಡಿ ಫಲಕ ಎಂದರೆ ಖಂಡ ಎಂದುಕೊಳ್ಳಬಾರದು. ಆಫ್ರಿಕಾ ಫಲಕದ ಪಶ್ಚಿಮದ ಅಂಚು ಆಫ್ರಿಕಾದ ಕರಾವಳಿಯಲ್ಲಿಲ್ಲ, ಅಟ್ಲಾಂಟಿಕ್ ಸಾಗರದ ನಡುಮಧ್ಯೆ ಇದೆ. ಖಂಡವೂ ಸಾಗರತಳವೂ ಒಂದೇ ಫಲಕದ ಭಾಗಗಳಾಗಿ ಒಟ್ಟಿಗೆ ಸರಿಯುತ್ತವೆ. ಪೆಸಿಫಿಕ್ ಫಲಕವಂತೂ ಹೆಚ್ಚುಕಡಿಮೆ ಪೂರ್ತಿ ಸಾಗರತಳವೇ.

ಖಂಡಗಳು ಸರಿದಿವೆ ಎಂದು ಜರ್ಮನಿಯ ಆಲ್ಫ್ರೆಡ್ ವೆಗೆನರ್ 1912ರಲ್ಲೇ ಹೇಳಿದ್ದರು. ದಕ್ಷಿಣ ಅಮೆರಿಕ ಮತ್ತು ಆಫ್ರಿಕಾದ ಅಂಚುಗಳು ಹೊಂದುತ್ತವೆ, ಗ್ಲಾಸಾಪ್ಟೆರಿಸ್ ಎಂಬ ಅಳಿದ ಸಸ್ಯದ ಪಳೆಯುಳಿಕೆ ಭಾರತ, ಆಫ್ರಿಕಾ, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕ, ಅಂಟಾರ್ಕ್ಟಿಕಾಗಳಲ್ಲೆಲ್ಲ ಸಿಗುತ್ತದೆ. ಸಾಕ್ಷ್ಯ ಬಲವಾಗಿತ್ತು. ಆದರೆ ಖಂಡಗಳು ಗಟ್ಟಿ ಸಾಗರತಳವನ್ನು ಸೀಳಿಕೊಂಡು ಹೇಗೆ ಸಾಗುತ್ತವೆ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. 1930ರಲ್ಲಿ ಅವರು ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡಾಗಲೂ ಬಹುಪಾಲು ಭೂವಿಜ್ಞಾನಿಗಳು ಅವರನ್ನು ಒಪ್ಪಿರಲಿಲ್ಲ.

ಉತ್ತರ ಸಿಕ್ಕಿದ್ದು ಸಮುದ್ರದ ತಳದಲ್ಲಿ. 1950ರ ದಶಕದ ಆರಂಭದಲ್ಲಿ ಅಮೆರಿಕದ ಮೇರಿ ಥಾರ್ಪ್, ಹಡಗುಗಳು ಅಳೆದು ತಂದ ಆಳದ ಅಂಕಿಗಳಿಂದ ಅಟ್ಲಾಂಟಿಕ್ ತಳದ ನಕ್ಷೆ ಬರೆಯುತ್ತಿದ್ದಾಗ, ಸಾಗರ ಮಧ್ಯದ ಪರ್ವತ ಸಾಲಿನ ನೆತ್ತಿಯುದ್ದಕ್ಕೂ ಒಂದು ಬಿರುಕು ಕಣಿವೆ ಇರುವುದನ್ನು ಕಂಡರು. ಅವರ ಸಹೋದ್ಯೋಗಿ ಬ್ರೂಸ್ ಹೀಜನ್ ಮೊದಲು ನಂಬಲಿಲ್ಲ. ಸಾಗರದ ಭೂಕಂಪಗಳ ಕೇಂದ್ರಗಳನ್ನು ಅದೇ ನಕ್ಷೆಯ ಮೇಲೆ ಗುರುತಿಸಿದಾಗ ಅವು ಆ ಕಣಿವೆಯ ಗುಂಟವೇ ಬಂದು ಕೂತವು. ಸಾಗರತಳ ಅಲ್ಲಿ ಸೀಳಿ, ಹೊಸದಾಗಿ ಹುಟ್ಟಿ, ಎರಡೂ ಬದಿಗೆ ಸರಿಯುತ್ತಿದೆ ಎಂದು ಹ್ಯಾರಿ ಹೆಸ್ 1962ರಲ್ಲಿ ವಾದಿಸಿದರು. ಮರುವರ್ಷ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ ಅದಕ್ಕೆ ಪುರಾವೆ ಎಲ್ಲಿ ಹುಡುಕಬೇಕೆಂದು ತೋರಿಸಿದರು. ಕರಗಿದ ಬಸಾಲ್ಟ್ ಆರುವಾಗ ಅದರೊಳಗಿನ ಕಬ್ಬಿಣದ ಖನಿಜಗಳು ಆ ಕ್ಷಣದ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಭೂಮಿಯ ಕಾಂತಕ್ಷೇತ್ರ ಆಗಾಗ ಉತ್ತರ ದಕ್ಷಿಣ ಅದಲುಬದಲಾಗುತ್ತದೆ. ಹಾಗಾದರೆ ಸೀಳಿನ ಎರಡೂ ಬದಿಯಲ್ಲಿ ನೇರ ಮತ್ತು ತಿರುಗಿದ ಕಾಂತತ್ವದ ಪಟ್ಟಿಗಳು ಒಂದರ ಪಕ್ಕ ಒಂದು, ಎಡಕ್ಕಿರುವಂತೆಯೇ ಬಲಕ್ಕೂ ಇರಬೇಕು. ಅಳೆದು ನೋಡಿದರೆ ಹಾಗೆಯೇ ಇದ್ದವು. ವಿಜ್ಞಾನದ ಇತಿಹಾಸದಲ್ಲಿ ಇಷ್ಟು ಸೊಗಸಾದ ಪುರಾವೆ ಅಪರೂಪ. ಖಂಡ ಸಾಗರತಳವನ್ನು ಸೀಳಿಕೊಂಡು ಹೋಗುವುದಿಲ್ಲ, ಸಾಗರತಳವೇ ಅದರೊಂದಿಗೆ ಸಾಗುತ್ತದೆ. 1960ರ ದಶಕ ಮುಗಿಯುವುದರೊಳಗೆ ಪ್ಲೇಟ್ ಟೆಕ್ಟಾನಿಕ್ಸ್, ಅಂದರೆ ಭೂಫಲಕ ಸಿದ್ಧಾಂತ, ನೆಲೆಗೊಂಡಿತು.

ಈಗ ಕೇಳಬೇಕಾದ ಪ್ರಶ್ನೆ: ಕೆಳಗೆ ಶಿಲಾರಸದ ಸಮುದ್ರವಿಲ್ಲದಿದ್ದರೆ ಲಾವಾ ಎಲ್ಲಿಂದ ಬರುತ್ತದೆ? ಅಲ್ಲಲ್ಲೇ ತಯಾರಾಗುತ್ತದೆ. ಕಲ್ಲು ಯಾವ ಬಿಸಿಗೆ ಕರಗುತ್ತದೆ ಎಂಬುದು ಒತ್ತಡವನ್ನು ಅವಲಂಬಿಸಿದೆ. ಫಲಕಗಳು ದೂರ ಸರಿಯುವ ಕಡೆ ಕೆಳಗಿನ ಬಿಸಿ ಮ್ಯಾಂಟಲ್ ಮೇಲೇರುತ್ತದೆ. ಮೇಲೇರಿದಂತೆ ಒತ್ತಡ ಇಳಿಯುತ್ತದೆ. ಬಿಸಿ ಹೆಚ್ಚಾಗದೆಯೇ ಅದರ ಒಂದು ಸಣ್ಣ ಪಾಲು ಕರಗುತ್ತದೆ. ಆ ಪಾಲು ಆರಿ ಹೊಸ ಸಾಗರತಳವಾಗುತ್ತದೆ. ಐಸ್‌ಲ್ಯಾಂಡಿನಲ್ಲಿ ಈ ಸೀಳು ಸಮುದ್ರದಿಂದ ಮೇಲಕ್ಕೆದ್ದಿದೆ. ಒಂದು ಫಲಕ ಇನ್ನೊಂದರಡಿ ನುಗ್ಗುವ ಕಡೆ ಕಾರಣವೇ ಬೇರೆ. ಮುಳುಗುವ ಫಲಕ ತನ್ನ ಖನಿಜಗಳಲ್ಲಿ ಹಿಡಿದಿಟ್ಟ ನೀರನ್ನು ಆಳದಲ್ಲಿ ಬಿಟ್ಟುಕೊಡುತ್ತದೆ. ನೀರು ಸೇರಿದ ಕಲ್ಲು ಕಡಿಮೆ ಬಿಸಿಗೇ ಕರಗುತ್ತದೆ. ಜಪಾನ್, ಇಂಡೊನೇಷ್ಯಾ, ಆಂಡಿಸ್ ಪರ್ವತಗಳ ಜ್ವಾಲಾಮುಖಿಗಳು ಸಾಲಾಗಿ ನಿಂತಿರುವುದು ಇದರಿಂದ. ಹವಾಯಿಯಂತೆ ಫಲಕದ ನಡುವೆಯೇ ಜ್ವಾಲಾಮುಖಿ ಇರುವುದೂ ಉಂಟು; ಅಲ್ಲಿ ಆಳದಿಂದ ಹೆಚ್ಚು ಬಿಸಿಯಾದ ಮ್ಯಾಂಟಲ್ ಶಿಲೆ ಕಂಬದಂತೆ ಏಳುತ್ತಿದೆ ಎಂಬುದು ಬಹುಮಂದಿ ಒಪ್ಪುವ ವಿವರಣೆ.

ಫಲಕಗಳನ್ನು ಸರಿಸುವ ಶಕ್ತಿಯ ಬಗ್ಗೆಯೂ ಹಳೆಯ ಚಿತ್ರವೊಂದು ಉಳಿದುಕೊಂಡಿದೆ: ಮ್ಯಾಂಟಲ್‌ನ ಹರಿವು ಕೆಳಗಿನಿಂದ ಅವುಗಳನ್ನು ಹೊತ್ತೊಯ್ಯುತ್ತದೆ ಎಂದು. ಮ್ಯಾಂಟಲ್ ಹರಿಯುವುದು ನಿಜ. ಭೂಮಿ ಹುಟ್ಟಿದಾಗಿನ ಶಾಖ ಮತ್ತು ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣ ಕ್ಷಯದ ಶಾಖ ಅದಕ್ಕೆ ಇಂಧನ. ಆದರೆ ಮುಖ್ಯ ಎಳೆತ ಫಲಕದ ತುದಿಯಲ್ಲೇ ಇದೆ. ಹುಟ್ಟಿದ ಜಾಗದಿಂದ ದೂರ ಸಾಗಿದಷ್ಟೂ ಸಾಗರದ ಶಿಲಾಗೋಳ ತಣ್ಣಗಾಗಿ ತೂಕ ಹೆಚ್ಚಿಸಿಕೊಳ್ಳುತ್ತದೆ. ಕೊನೆಗೆ ಕೆಳಗಿನ ಮ್ಯಾಂಟಲ್‌ಗಿಂತ ಭಾರವಾಗಿ ಮುಳುಗುತ್ತದೆ. ಮಂಚದ ಅಂಚಿನಿಂದ ಜೋತುಬಿದ್ದ ಕಂಬಳಿಯ ಭಾರ ಉಳಿದ ಕಂಬಳಿಯನ್ನೂ ಜಾರಿಸುವಂತೆ, ಮುಳುಗಿದ ಭಾಗ ಹಿಂದಿನ ಫಲಕವನ್ನು ಎಳೆಯುತ್ತದೆ. ಅಂಚುಗಳಲ್ಲಿ ಮುಳುಗುವ ಭಾಗವಿರುವ ಪೆಸಿಫಿಕ್‌ನಂಥ ಫಲಕಗಳು ವೇಗವಾಗಿ ಸಾಗುತ್ತವೆ, ಅಂಥ ಅಂಚು ಕಡಿಮೆಯಿರುವವು ನಿಧಾನ. ಪೂರ್ವ ಪೆಸಿಫಿಕ್‌ನಲ್ಲಿ ಸೀಳು ಅಗಲವಾಗುವ ವೇಗ ಕೆಲವೆಡೆ ವರ್ಷಕ್ಕೆ 15 ಸೆಂ.ಮೀ. ಮುಟ್ಟುತ್ತದೆ, ಅಟ್ಲಾಂಟಿಕ್‌ನಲ್ಲಿ ಎರಡರಿಂದ ಎರಡೂವರೆ ಸೆಂ.ಮೀ. ಮಾತ್ರ. ಸಾಗರತಳ ಹೀಗೆ ಸದಾ ಮುಳುಗುತ್ತಿರುವುದರಿಂದ 20 ಕೋಟಿ ವರ್ಷಕ್ಕಿಂತ ಹಳೆಯ ತಳ ಸಿಗುವುದು ತೀರ ವಿರಳ. ಕೆನಡಾದ ಖಂಡಶಿಲೆಗಳಲ್ಲಿ 400 ಕೋಟಿ ವರ್ಷ ಹಳೆಯವು ಉಳಿದಿವೆ.

ಖಂಡದ ಕಲ್ಲು ಹಗುರ ಎಂದೆನಲ್ಲ, ಅದು ಸುಲಭವಾಗಿ ಮುಳುಗುವುದಿಲ್ಲ. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಖಂಡಭಾಗ ಯುರೇಷ್ಯಾಕ್ಕೆ ಬಂದು ತಾಗಿದಾಗ ನಡುವಿನ ಸಾಗರತಳವೆಲ್ಲ ಆಗಲೇ ಮುಳುಗಿಹೋಗಿತ್ತು. ಮುಳುಗಲೊಲ್ಲದ ಎರಡು ಖಂಡಗಳ ನಡುವೆ ಕಲ್ಲು ಮಡಿಚಿ, ಒಂದರ ಮೇಲೊಂದು ಏರಿ, ಹಿಮಾಲಯವಾಯಿತು. ಎವರೆಸ್ಟ್ ಶಿಖರದ ತುದಿಯಲ್ಲಿರುವುದು 45 ಕೋಟಿ ವರ್ಷಕ್ಕೂ ಹಳೆಯ ಸುಣ್ಣಕಲ್ಲು. ಅದರಲ್ಲಿ ಸಮುದ್ರಜೀವಿಗಳ ಚೂರುಗಳಿವೆ. ಭಾರತ ಇಂದಿಗೂ ವರ್ಷಕ್ಕೆ ಸುಮಾರು 4ರಿಂದ 5 ಸೆಂ.ಮೀ. ಉತ್ತರಕ್ಕೆ ಒತ್ತುತ್ತಿದೆ.

ಈ ಸರಿತ ಅಂಚಿನಲ್ಲಿ ಸಲೀಸಾಗಿ ನಡೆಯುವುದಿಲ್ಲ. 1906ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಭೂಕಂಪವಾದ ಮೇಲೆ, ಸ್ಯಾನ್ ಆಂಡ್ರಿಯಾಸ್ ಸ್ತರಭಂಗವನ್ನು, ಅಂದರೆ ನೆಲದ ಎರಡು ಬದಿಗಳು ಜರುಗುವ ಉದ್ದನೆಯ ಬಿರುಕನ್ನು, ಅಡ್ಡಹಾಯುತ್ತಿದ್ದ ಬೇಲಿಗಳು ಅಲ್ಲಲ್ಲಿ ತುಂಡಾಗಿ, ಒಂದು ತುಂಡು ಇನ್ನೊಂದರಿಂದ ಕೆಲವು ಮೀಟರ್ ಪಕ್ಕಕ್ಕೆ ಸರಿದು ನಿಂತಿದ್ದವು. ಅಲ್ಲಿ ಪೆಸಿಫಿಕ್ ಮತ್ತು ಉತ್ತರ ಅಮೆರಿಕ ಫಲಕಗಳು ಒಂದರ ಪಕ್ಕ ಒಂದು ಉಜ್ಜಿಕೊಂಡು ಸಾಗುತ್ತವೆ. ಬೇಲಿ ಒಂದೇ ಏಟಿಗೆ ಅಷ್ಟು ದೂರ ಸರಿದದ್ದು ಏಕೆ ಎಂದು ವಿವರಿಸಿದವರು ಹ್ಯಾರಿ ಫೀಲ್ಡಿಂಗ್ ರೀಡ್. ಉಜ್ಜುವ ಮೈಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಸುತ್ತಲಿನ ನೆಲ ಮಾತ್ರ ವರ್ಷದಿಂದ ವರ್ಷಕ್ಕೆ ನಿಧಾನವಾಗಿ ಬಾಗುತ್ತಿರುತ್ತದೆ. ಕಚ್ಚು ತಾಳಲಾರದ ದಿನ ಬಿಟ್ಟುಕೊಳ್ಳುತ್ತದೆ, ನೂರಾರು ವರ್ಷದ ಬಾಕಿ ನಿಮಿಷಗಳಲ್ಲಿ ತೀರುತ್ತದೆ. ಒಂದರಡಿ ಒಂದು ನುಗ್ಗುವ ಅಂಚಿನಲ್ಲಿ ಕಚ್ಚಿಕೊಳ್ಳುವ ಮೈ ಬಹಳ ವಿಶಾಲವಾಗಿರುವುದರಿಂದ ಅತಿ ದೊಡ್ಡ ಭೂಕಂಪಗಳು ಅಲ್ಲಿಯೇ ಆಗುತ್ತವೆ. 1960ರಲ್ಲಿ ಚಿಲಿಯಲ್ಲಿ ಆದ ಭೂಕಂಪದ ತೀವ್ರತೆ 9.5, ಮಾಪಕಗಳು ದಾಖಲಿಸಿದವುಗಳಲ್ಲಿ ಅದೇ ದೊಡ್ಡದು. 2004ರ ಡಿಸೆಂಬರ್ 26ರಂದು ಸುಮಾತ್ರಾದಿಂದ ಅಂಡಮಾನ್‌ವರೆಗೆ ಸುಮಾರು 1,300 ಕಿ.ಮೀ. ಉದ್ದಕ್ಕೆ ಕಚ್ಚು ಬಿಟ್ಟುಕೊಂಡಾಗ ಮೇಲೆದ್ದ ಸಾಗರತಳ ನೀರನ್ನು ಎತ್ತಿ ಸುನಾಮಿಯಾಗಿಸಿತು.

ಎಲ್ಲ ಭೂಕಂಪಗಳನ್ನೂ ಅಂಚಿನ ಲೆಕ್ಕಕ್ಕೆ ಹಾಕುವಂತಿಲ್ಲ. 1811-12ರಲ್ಲಿ ಅಮೆರಿಕದ ಮಿಸಿಸಿಪಿ ನದಿಯ ಸೀಮೆಯಲ್ಲಿ, 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಲಾತೂರ್ ಸೀಮೆಯಲ್ಲಿ ನೆಲ ನಡುಗಿದ್ದು ಫಲಕದ ಅಂಚಿನಿಂದ ಬಹುದೂರದಲ್ಲಿ. ಅಂಚಿನ ಒತ್ತಡ ಗಡುಸಾದ ಫಲಕದ ಮೂಲಕ ಒಳನಾಡಿಗೂ ರವಾನೆಯಾಗುತ್ತದೆ, ಅಲ್ಲಿನ ಹಳೆಯ ಬಿರುಕುಗಳು ಕೆಲವೊಮ್ಮೆ ಜರುಗುತ್ತವೆ. ಇಂಥ ಕಡೆ ಒಂದು ಭೂಕಂಪಕ್ಕೂ ಇನ್ನೊಂದಕ್ಕೂ ನಡುವೆ ಸಾವಿರಾರು ವರ್ಷಗಳ ಅಂತರವಿರಬಹುದು. ಆದ್ದರಿಂದ ಯಾವ ಬಿರುಕು ಜೀವಂತವಾಗಿದೆ ಎಂದು ಮುಂಚೆಯೇ ಪತ್ತೆಹಚ್ಚುವುದು ಅಂಚಿನಲ್ಲಿರುವುದಕ್ಕಿಂತ ಇಲ್ಲಿ ಹೆಚ್ಚು ಕಷ್ಟ.