ಜಾಣಕಿವುಡು ಅಂತ ಬೈಯುವ ಮುಂಚೆ

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ. ಕಾರಟಗಿಯಲ್ಲಿ ಅಕ್ಕಿ ಗಿರಣಿಯಲ್ಲಿ ದುಡಿದವರು. ಈಗ ನಾನೂ ಅದೇ ಗಿರಣಿಯಲ್ಲಿದ್ದೇನೆ. ಇತ್ತೀಚೆಗೆ ಅವರಿಗೆ ಕಿವಿ ಮಂದ. ಆದರೆ ನನ್ನ ಮಾತು ಕೇಳಿಸುತ್ತದೆ, ನನ್ನ ಹೆಂಡತಿಯ ಮಾತು ಕೇಳಿಸುವುದಿಲ್ಲ. ರಾತ್ರಿ ಹೊಲದ ವಿಷಯ ಮಾತಾಡಿದರೆ ಮಲಗಿದ್ದವರು ಎದ್ದು ಕೂತು ಉತ್ತರ ಕೊಡುತ್ತಾರೆ. ಇದು ನಿಜವಾದ ಕಿವುಡಾ, ಜಾಣಕಿವುಡಾ?

ಉತ್ತರ: ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಬಾಯಿಪಾಠ ಆಗಿದೆ. ಸಿಂಧನೂರಿನವರು ಕೇಳುತ್ತಾರೆ, ಸಿರುಗುಪ್ಪದವರು ಕೇಳುತ್ತಾರೆ. ಎಲ್ಲರ ಮನೆಯಲ್ಲೂ ಸೊಸೆಯ ಮಾತೇ ಕೇಳಿಸುವುದಿಲ್ಲ! ಇಷ್ಟು ಊರಿನ ಮಾವಂದಿರು ಮಾತಾಡಿಕೊಂಡು ನಾಟಕ ಆಡುತ್ತಿದ್ದಾರೆ ಅಂತ ನಂಬುವುದು ಕಷ್ಟ ಅಲ್ವಾ?

ಕಿವಿ ಮಂದ ಆಗುವುದು ಅಂದರೆ ಟಿವಿ ವಾಲ್ಯೂಮ್ ಕಡಿಮೆ ಮಾಡಿದ ಹಾಗೆ ಅಂತ ಎಲ್ಲರೂ ತಿಳಿದಿದ್ದಾರೆ. ವಯಸ್ಸಿನಿಂದ ಅಥವಾ ಸದ್ದಿನಿಂದ ಕಿವಿ ಕೆಟ್ಟಾಗ ಹಾಗೆ ಆಗುವುದಿಲ್ಲ. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಸಣ್ಣ ಕೂದಲಿನಂಥ ಜೀವಕೋಶಗಳಿವೆ. ತೆಳು, ಕೀರಲು ಸದ್ದು ಹಿಡಿಯುವ ಕೋಶಗಳು ಮೊದಲು ಸಾಯುತ್ತವೆ. ದಪ್ಪ ಸದ್ದಿನವು ಉಳಿಯುತ್ತವೆ. ಮಾತಿನಲ್ಲಿ ಆ, ಊ, ಓ ದಪ್ಪ ಸದ್ದುಗಳು. ಸ, ಶ, ತ, ಕ, ಪ ತೆಳು ಸದ್ದುಗಳು. ಹಾಗಾಗಿ ಹಾಲು, ಕಾಲು, ಸಾಲು, ಪಾಲು ಎಲ್ಲ ಅವರಿಗೆ ಬರೀ 'ಆಲು'. ಉಳಿದಿದ್ದನ್ನು ಊಹಿಸಬೇಕು. ಸೊಸೆ "ಹಾಲು ಕೊಡ್ಲಾ?" ಅಂದರೆ 'ಕಾಲು' ಅಂತ ಊಹಿಸಿದ ಮಾವ "ಈಗ ನೋವಿಲ್ಲಮ್ಮ" ಅನ್ನುವುದು ಹೀಗೆ.

ಈಗ ನಿಮ್ಮ ಹೆಂಡತಿಯ ವಿಷಯಕ್ಕೆ ಬನ್ನಿ. ಹೆಂಗಸರ, ಮಕ್ಕಳ ದನಿ ತೆಳು. ನಿಮ್ಮ ದನಿ ದಪ್ಪ. ನೀವು ಎದುರಿಗೆ ಕೂತು ಮಾತಾಡುತ್ತೀರಿ. ಅವರು ಅಡುಗೆಮನೆಯಿಂದ, ಕುಕ್ಕರ್ ಕೂಗುವಾಗ, ಬೆನ್ನು ತಿರುಗಿಸಿಕೊಂಡು ಮಾತಾಡುತ್ತಾರೆ. ಮೇಲೆ ನಮ್ಮ ಕಡೆ ಬೇಸಿಗೆಯಲ್ಲಿ ಮನೆ ತುಂಬ ಕೂಲರ್ ಸದ್ದು. ಮಾವನಿಗೆ ಸೊಸೆ ಮೇಲೆ ಸಿಟ್ಟಿಲ್ಲ, ಸೊಸೆಯ ಮಾತು ಹಿಡಿಯುವ ಕೋಶಗಳೇ ಇಲ್ಲ. ಇದನ್ನು ದಯವಿಟ್ಟು ನಿಮ್ಮ ಹೆಂಡತಿಗೆ ಓದಿ ಹೇಳಿ. ಆ ತಾಯಿ ಎಷ್ಟು ನೊಂದುಕೊಂಡಿದ್ದಾರೋ.

ರಾತ್ರಿ ಹೊಲದ ಮಾತು ಹೇಗೆ ಕೇಳಿಸಿತು? ಟಿವಿ ಬಂದ್ ಆಗಿತ್ತು, ಬೀದಿ ಮಲಗಿತ್ತು. ಮಾತಾಡಿದ್ದು ನೀವು. ಹೊಲದ ವಿಷಯದಲ್ಲಿ ಬರುವ ಮಾತೆಲ್ಲ ಅವರಿಗೆ ಗೊತ್ತಿರುವಂಥದ್ದೇ. ಅರ್ಧ ಕೇಳಿದರೂ ಪೂರ್ತಿ ತಿಳಿಯುತ್ತದೆ. ಬೆಳಿಗ್ಗೆ ತಾಜಾ ಇದ್ದಾಗ ತಿಳಿದ ಮಾತು ಸಂಜೆ ತಿಳಿಯದೇ ಇರಬಹುದು. ದಿನವಿಡೀ ಊಹಿಸಿ ಊಹಿಸಿ ತಲೆ ದಣಿದಿರುತ್ತದೆ.

ಜೋರಾಗಿ ಕಿರುಚಿದರೆ? ದಪ್ಪ ಸದ್ದೇ ಇನ್ನೂ ದಪ್ಪ ಆಗುತ್ತದೆ, ತೆಳು ಅಕ್ಷರ ಅಲ್ಲೇ ಉಳಿಯುತ್ತದೆ. ಜತೆಗೆ ಕೆಟ್ಟ ಕಿವಿಗೆ ಸಣ್ಣ ಸದ್ದು ಕೇಳಿಸುವುದಿಲ್ಲ, ದೊಡ್ಡದು ಚುಚ್ಚುತ್ತದೆ. ಅದಕ್ಕೇ "ಯಾಕೆ ಕೂಗ್ತೀಯ?" ಅಂತ ಬೈಯುತ್ತಾರೆ. ನೀವು "ನೋಡಿ, ಕೇಳಿಸ್ತು!" ಅನ್ನುತ್ತೀರಿ. ಇಬ್ಬರೂ ಸರಿ, ಜಗಳ ಮಾತ್ರ ಸುಮ್ನೆ.

ಮಾಡಬೇಕಾದ್ದು ಇಷ್ಟು. ಕೂಲರ್ ಆರಿಸಿ, ಎದುರಿಗೆ ಬನ್ನಿ, ಕರೆದು ಅವರು ನಿಮ್ಮ ಕಡೆ ನೋಡಿದ ಮೇಲೆ ಶುರು ಮಾಡಿ. ಎಂದಿನ ದನಿಯಲ್ಲೇ ನಿಧಾನಕ್ಕೆ ಹೇಳಿ. ತಿಳಿಯದಿದ್ದರೆ ಅದೇ ಮಾತನ್ನು ಮತ್ತೆ ಮತ್ತೆ ಹೇಳಬೇಡಿ, ಬೇರೆ ಮಾತಲ್ಲಿ ಹೇಳಿ. ದುಡ್ಡಿನ ಲೆಕ್ಕ, ಮಾತ್ರೆಯ ಹೊತ್ತು ಬರೆದು ಕೊಡಿ. ಎರಡು ಸಲ ಕೇಳಿದ ಕೂಡಲೇ "ಏನಿಲ್ಲ ಬಿಡಿ" ಅನ್ನಬೇಡಿ. ಹೀಗೆ ಅನ್ನಿಸಿಕೊಂಡವರು ಮದುವೆ, ಜಾತ್ರೆಗೆ ಹೋಗುವುದನ್ನೇ ಬಿಡುತ್ತಾರೆ.

ಮೊದಲು ಕಿವಿ, ಮೂಗು, ಗಂಟಲಿನ ಡಾಕ್ಟರಿಗೆ ತೋರಿಸಿ. ಕೆಲವರಿಗೆ ಬರೀ ಗುಗ್ಗೆ ಕಟ್ಟಿರುತ್ತದೆ. ಬಿಸಿ ಎಣ್ಣೆ ಬಿಡಬೇಡಿ. ಆಮೇಲೆ ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳಿಸುತ್ತದೆ ಅಂತ ಅಳೆಯುವ ಪರೀಕ್ಷೆ, ಮಾಡಿಸಿ. ಒಂದೆರಡು ದಿನದಲ್ಲಿ ದಿಢೀರನೆ ಕಿವಿ ಹೋದರೆ ಅದು ಬೇರೆ ಕತೆ, ಅವತ್ತೇ ಆಸ್ಪತ್ರೆಗೆ ಓಡಬೇಕು, ತಡ ಆದರೆ ಔಷಧಿ ಹಿಡಿಯುವುದು ಕಷ್ಟ.

ಕಿವಿ ಮಷಿನ್ ಹಾಕಿದ ದಿನವೇ ಎಲ್ಲ ಸರಿ ಆಗುವುದಿಲ್ಲ. ಮಿದುಳು ಮರೆತ ಸದ್ದನ್ನು ಮತ್ತೆ ಕಲಿಯಲು ವಾರಗಟ್ಟಲೆ ಬೇಕು. ಮೊದಲ ದಿನ ತಟ್ಟೆ, ಲೋಟದ ಸದ್ದೇ ತಲೆ ತಿನ್ನುತ್ತದೆ. ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಹೊತ್ತು ಹಾಕಿಸಿ. ನಮ್ಮ ಬಿಸಿಲಿಗೆ ಬೆವರಿನಿಂದ ಮಷಿನ್ ಕೆಡುತ್ತದೆ. ರಾತ್ರಿ ಒರೆಸಿ, ತೇವ ಹೀರುವ ಡಬ್ಬಿಯಲ್ಲಿಡಿ.

ಇನ್ನೊಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಕಿವಿಯಲ್ಲಿ 60 ಡೆಸಿಬಲ್ (ಸದ್ದಿನ ಅಳತೆ) ನಷ್ಟ ಇದ್ದರೆ ಮಾತ್ರ ಶ್ರವಣದೋಷ ಅನ್ನುತ್ತಾರೆ. 45 ಇದ್ದವರಿಗೆ ಅಂಗವಿಕಲರ ಕಾರ್ಡ್ ಸಿಗುವುದಿಲ್ಲ. ಆಗ ಮನೆಯವರು "ಸರ್ಕಾರವೇ ಸರಿ ಇದೆ ಅಂದಿದೆ" ಅಂತ ಮತ್ತೆ ಜಾಣಕಿವುಡಿನ ಕತೆ ಶುರು ಮಾಡುತ್ತಾರೆ. ಮನೆಮಾತು ತಪ್ಪಿಹೋಗಲು 45 ಧಾರಾಳ ಸಾಕು.

ನೀವು ಕೇಳದ ಪ್ರಶ್ನೆಯೊಂದಿದೆ. ನೀವೂ ಅದೇ ಗಿರಣಿಯಲ್ಲಿ ಇದ್ದೀರಿ ಅಂತ ಬರೆದಿದ್ದೀರಿ. ಕೈ ಚಾಚಿದಷ್ಟು ದೂರದಲ್ಲಿ ಇರುವವನ ಜತೆ ಕೂಗಿ ಮಾತಾಡಬೇಕಾಗುತ್ತದಾ? ಪಾಳಿ ಮುಗಿದ ಮೇಲೆ ಕಿವಿ ಗುಂಯ್ ಅನ್ನುತ್ತದಾ? ಹಾಗಿದ್ದರೆ ಅಲ್ಲಿಯ ಸದ್ದು 85 ಡೆಸಿಬಲ್ ದಾಟಿರುವ ಸಾಧ್ಯತೆಯೇ ಜಾಸ್ತಿ. ದಿನಕ್ಕೆ ಎಂಟು ತಾಸು ಅಂಥ ಸದ್ದಿನಲ್ಲಿದ್ದರೆ ಸಾಯುವ ಕೋಶ ಮತ್ತೆ ಹುಟ್ಟುವುದಿಲ್ಲ. ಹತ್ತಿ ತುರುಕಿಕೊಂಡರೆ ಸಾಲದು, ಇಯರ್ ಪ್ಲಗ್ ಬೇಕು. 1948ರ ಕಾರ್ಖಾನೆ ಕಾಯ್ದೆಯ ಬದಲಿಗೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ, 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಸಂಹಿತೆ ಎಂಬ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸದ್ದಿನಿಂದ ಬರುವ ಕಿವುಡು ಕಸುಬಿನ ರೋಗಗಳ ಪಟ್ಟಿಯಲ್ಲಿದೆ. ನಿಮ್ಮ ಗಿರಣಿ ಆ ಕಾಯ್ದೆಗೆ ಬರುತ್ತದಾ ಅಂತ ಕೇಳಿ ನೋಡಿ. ಬಂದರೆ ಪ್ಲಗ್ ಕೇಳುವುದು ನಿಮ್ಮ ಹಕ್ಕು, ಮಾಲೀಕರ ದಯೆ ಅಲ್ಲ.

ತಂದೆಯನ್ನು ಪರೀಕ್ಷೆಗೆ ಕರೆತರುವ ದಿನ ನಿಮ್ಮದನ್ನೂ ಮಾಡಿಸಿ. ಪಾಳಿ ಮುಗಿಸಿ ನೇರ ಬರಬೇಡಿ, ದಣಿದ ಕಿವಿ ತಪ್ಪು ಲೆಕ್ಕ ಕೊಡುತ್ತದೆ. ರಜೆ ದಿನ, ರಾತ್ರಿ ಚೆನ್ನಾಗಿ ಮಲಗಿ ಬೆಳಿಗ್ಗೆ ಬನ್ನಿ.