ಸೈನಿಕರ ಹಾರ್ಮೋನ್ ಚಿಕಿತ್ಸೆ ಮತ್ತು ಅಮೆರಿಕದ ಜಗಳ

ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಅಮೆರಿಕದ ಸೇನೆಯಲ್ಲಿ ಇರಬಹುದೇ ಎಂಬ ಜಗಳದಲ್ಲಿ ಎರಡೂ ಕಡೆಯವರು ವೈದ್ಯಶಾಸ್ತ್ರವನ್ನು ಸಾಕ್ಷಿಗೆ ಕರೆಯುತ್ತಾರೆ. ಹಾರ್ಮೋನ್ ಚಿಕಿತ್ಸೆ ನನ್ನ ದಿನನಿತ್ಯದ ಕೆಲಸ. ಹಾಗಾಗಿ ಆ ಸಾಕ್ಷ್ಯದ ಬಗ್ಗೆ ಎರಡು ಮಾತು.

ಸದಾ ಔಷಧಿ ಬೇಕಾದವರನ್ನು ಯುದ್ಧಭೂಮಿಗೆ ಕಳಿಸುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಎಲ್ಲ ಹಾರ್ಮೋನೂ ಒಂದೇ ಅಲ್ಲ. ಟೈಪ್ 1 ಮಧುಮೇಹ ಇರುವವರಿಗೆ ಇನ್ಸುಲಿನ್ ತಪ್ಪಿದರೆ ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ. ಅಡ್ರಿನಲ್ ಗ್ರಂಥಿ ಕೈಕೊಟ್ಟವರಿಗೆ ಸ್ಟೀರಾಯ್ಡ್ ತಪ್ಪಿದರೂ ಹಾಗೆಯೇ. ಟ್ರಾನ್ಸ್ ಪುರುಷರು ತೆಗೆದುಕೊಳ್ಳುವ ಟೆಸ್ಟೋಸ್ಟಿರೋನ್ ಅಥವಾ ಟ್ರಾನ್ಸ್ ಮಹಿಳೆಯರು ತೆಗೆದುಕೊಳ್ಳುವ ಈಸ್ಟ್ರೋಜನ್ ಕೆಲವು ವಾರ ಸಿಗದಿದ್ದರೆ ಸುಸ್ತಾಗಬಹುದು, ಮೈ ಬಿಸಿಯೇರಬಹುದು, ಮನಸ್ಸು ಕುಗ್ಗಬಹುದು, ಪ್ರಾಣಕ್ಕೆ ಸಂಚಕಾರವಿಲ್ಲ. ಮೊದಲ ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ ಸಾಕು.

ನನಗೆ ಚಿಂತೆ ಬೇರೆಡೆ ಇದೆ. ಪುರುಷ ಹಾರ್ಮೋನನ್ನು ತಡೆಯಲು ಟ್ರಾನ್ಸ್ ಮಹಿಳೆಯರಿಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಎಂಬ ಮಾತ್ರೆ ಮೂತ್ರ ಹೆಚ್ಚಿಸುತ್ತದೆ, ರಕ್ತದ ಪೊಟ್ಯಾಶಿಯಂ ಏರಿಸುತ್ತದೆ. ಸುಡುಬಿಸಿಲಲ್ಲಿ ಭಾರ ಹೊತ್ತು ನಡೆಯಬೇಕಾದವರಿಗೆ ಅದನ್ನು ಬರೆದುಕೊಡಲು ನಾನು ಹಿಂದೆಮುಂದೆ ನೋಡುತ್ತೇನೆ. ಅದಕ್ಕೆ ಬದಲಿ ಔಷಧಿಗಳಿವೆ. ಈಸ್ಟ್ರೋಜನ್ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಭಯವಿದ್ದರೆ ಚರ್ಮಕ್ಕೆ ಅಂಟಿಸುವ ಪಟ್ಟಿ ಕೊಡಬಹುದು. ಶಸ್ತ್ರಚಿಕಿತ್ಸೆಯಾದರೆ ಕೆಲವು ತಿಂಗಳು ಕರ್ತವ್ಯದಿಂದ ದೂರ ಇರಲೇಬೇಕು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಖಿನ್ನತೆ ಈ ಗುಂಪಿನಲ್ಲಿ ಹೆಚ್ಚು ಎಂಬ ವಾದವನ್ನೂ ತಳ್ಳಿಹಾಕಲಾರೆ. ಆದರೆ ಇವೆಲ್ಲ ಒಬ್ಬೊಬ್ಬರನ್ನೇ ಪರೀಕ್ಷಿಸಿ ತೀರ್ಮಾನಿಸುವ ವಿಷಯಗಳು.

2016ರಲ್ಲಿ ಟ್ರಾನ್ಸ್‌ಜೆಂಡರ್ ಸೈನಿಕರ ಮೇಲಿದ್ದ ನಿಷೇಧ ತೆಗೆದಾಗ ಲೆಕ್ಕಾಚಾರವೂ ಆಗಿತ್ತು. ಚಿಕಿತ್ಸೆಯ ಕಾರಣಕ್ಕೆ ನಿಯೋಜನೆಗೆ ಅಡ್ಡಿಯಾಗಬಹುದಾದವರು ವರ್ಷಕ್ಕೆ 29ರಿಂದ 129 ಮಂದಿ, ಹೆಚ್ಚುವರಿ ವೆಚ್ಚ 24 ಲಕ್ಷದಿಂದ 84 ಲಕ್ಷ ಡಾಲರ್ ಎಂದು ನೀತಿ ಸಂಶೋಧನೆ ಮಾಡುವ ರ‍್ಯಾಂಡ್ ಸಂಸ್ಥೆ ಅಂದಾಜಿಸಿತು. ಸಕ್ರಿಯ ಸೇವೆಯಲ್ಲಿದ್ದವರೇ 13 ಲಕ್ಷದಷ್ಟು. ಈ ಅಂಕಿಗಳನ್ನು ಅದರ ಎದುರಿಗಿಟ್ಟು ಓದಬೇಕು. ಹೊಸದಾಗಿ ಸೇರುವವರು 18 ತಿಂಗಳು ಸ್ಥಿರವಾಗಿರಬೇಕು ಎಂಬ ಷರತ್ತೂ ಇತ್ತು. ಅಂಥ ಷರತ್ತು ವೈದ್ಯರಿಗೆ ಅರ್ಥವಾಗುತ್ತದೆ: ಕಾಯಿರಿ, ಪರೀಕ್ಷಿಸಿ, ಸೇರಿಸಿಕೊಳ್ಳಿ.

ಆಮೇಲೆ ನಡೆದದ್ದು ಹಗ್ಗಜಗ್ಗಾಟ. 2017ರಲ್ಲಿ ಇವರಿಗೆ ಸೇನೆಯಲ್ಲಿ ಜಾಗವಿಲ್ಲ ಎಂದು ಟ್ರಂಪ್ ಟ್ವೀಟ್, 2019ರಲ್ಲಿ ನಿರ್ಬಂಧ ಜಾರಿ, 2021ರಲ್ಲಿ ಬೈಡನ್ ಅದನ್ನು ತೆಗೆದದ್ದು, 2025ರ ಜನವರಿಯಲ್ಲಿ ಟ್ರಂಪ್ ಅವರ ಹೊಸ ಆದೇಶ. ಈ ಆದೇಶ ಆರೋಗ್ಯದ ಮಾತಿಗೆ ನಿಲ್ಲುವುದಿಲ್ಲ. ಹುಟ್ಟಿನ ಲಿಂಗಕ್ಕೆ ಹೊಂದದ ಗುರುತು ಸೈನಿಕನ ಗೌರವ, ಸತ್ಯ, ಶಿಸ್ತಿನ ಬದುಕಿಗೆ ಹೊಂದುವುದಿಲ್ಲ ಎನ್ನುತ್ತದೆ. ಅದಕ್ಕೆ ಯಾವ ರಕ್ತಪರೀಕ್ಷೆ ಬರೆದುಕೊಡಲಿ? ಜೆಂಡರ್ ಡಿಸ್ಫೋರಿಯಾ, ಅಂದರೆ ಹುಟ್ಟಿನ ಲಿಂಗ ತನ್ನದಲ್ಲ ಎಂಬ ತೀವ್ರ ಸಂಕಟ, ಹಿಂದೆಂದೋ ಇತ್ತು ಎಂದು ದಾಖಲಾಗಿದ್ದರೂ ಅನರ್ಹತೆಗೆ ಅದೇ ಕಾರಣವಾಗಬಲ್ಲುದು. 2025ರ ಮೇ 6ರಂದು ಅಮೆರಿಕದ ಸುಪ್ರೀಂ ಕೋರ್ಟ್, ಆದೇಶದ ವಿರುದ್ಧದ ಮೊಕದ್ದಮೆ ನಡೆಯುತ್ತಿರುವಾಗಲೇ ನಿಷೇಧ ಜಾರಿಯಾಗಲು ಬಿಟ್ಟಿತು. ಆ ಮೊಕದ್ದಮೆಯ ಮೊದಲ ಅರ್ಜಿದಾರರು ಎಮಿಲಿ ಶಿಲ್ಲಿಂಗ್, ಆಗ ನೌಕಾಪಡೆಯ ಪೈಲಟ್ ಆಗಿದ್ದವರು.