ಮಸಲ್ ಕಾರಿಗೆ ಟ್ರಕ್ ಎಂಜಿನ್: ಗುಜರಿಯ 5.3 ಲೀಟರ್ ವಿ8 ಬಂದ ದಾರಿ

ಅಮೆರಿಕದಲ್ಲಿ 1969ರ ಷೆವರ್ಲೆ ಕಮಾರೊ ಒಂದರ ಬಾನೆಟ್ ಎತ್ತಿ ನೋಡಿ. ಅದು ಮಸಲ್ ಕಾರು, ಅಂದರೆ ದೊಡ್ಡ ಎಂಜಿನ್ನಿನ ವೇಗದ ಕಾರು. ಕಾರ್ಖಾನೆಯಲ್ಲಿ ಕೂರಿಸಿದ ಎಂಜಿನ್ ಎಷ್ಟೋ ಸಲ ಅಲ್ಲಿರುವುದಿಲ್ಲ. ಐವತ್ತು ವರ್ಷ ಓಡಿ ಸವೆದಿರುತ್ತದೆ, ಇಲ್ಲವೇ ಹಿಂದಿನ ಮಾಲೀಕರು ಯಾರೋ ಬಿಚ್ಚಿ ಮಾರಿರುತ್ತಾರೆ. ಕೈಯಲ್ಲಿ ಜಾಸ್ತಿ ದುಡ್ಡಿಲ್ಲದವರು ಆಗ ಏನು ಮಾಡಬೇಕು? ಬಲ್ಲವರನ್ನು ಕೇಳಿದರೆ ಇವತ್ತು ಹೆಚ್ಚಾಗಿ ಬರುವ ಉತ್ತರ ಒಂದೇ: ಗುಜರಿಗೆ ಹೋಗಿ ಷೆವರ್ಲೆ ಪಿಕಪ್ ಟ್ರಕ್ಕಿನ 5.3 ಲೀಟರ್ ಎಂಜಿನ್ ತನ್ನಿ. ಓಡುವುದಕ್ಕೇ ಹುಟ್ಟಿದ ಕಾರಿಗೆ ಲೋಡು ಹೊರುವ ಗಾಡಿಯ ಎಂಜಿನ್!

ಇದರ ಬೇರು 1955ರಲ್ಲಿದೆ. ಆ ವರ್ಷ ಷೆವರ್ಲೆ, ಮುಖ್ಯ ಎಂಜಿನಿಯರ್ ಎಡ್ ಕೋಲ್ ಅವರ ಮುಂದಾಳತ್ವದಲ್ಲಿ, 265 ಘನ ಇಂಚಿನ ಚಿಕ್ಕ ವಿ8 ಎಂಜಿನ್ (ಎಂಟು ಸಿಲಿಂಡರುಗಳು ವಿ ಆಕಾರದಲ್ಲಿ ಇರುವಂಥದ್ದು) ತಂದಿತು. ಅಗ್ಗವಾಗಿ, ಹಗುರವಾಗಿ ಮಾಡುವುದೇ ಅದರ ಗುಟ್ಟು. ವಾಲ್ವ್ ತೆರೆಯುವ ರಾಕರ್ ಆರ್ಮ್‌ಗಳನ್ನು ತಗಡಿನಿಂದ ಒತ್ತಿ ತೆಗೆದರು. ಅವನ್ನು ತಳ್ಳುವ ಪುಶ್‌ರಾಡ್‌ಗಳನ್ನು ಟೊಳ್ಳು ಮಾಡಿ, ಅದರೊಳಗಿಂದಲೇ ಎಣ್ಣೆ ಮೇಲೇರುವಂತೆ ಮಾಡಿದರು. ಒಂದು ಸಿಲಿಂಡರಿನ ನಡುವಿನಿಂದ ಪಕ್ಕದ ಸಿಲಿಂಡರಿನ ನಡುವಿಗೆ 4.4 ಇಂಚು. ಈ ಅಳತೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅದೇ ಎಂಜಿನ್ 1957ರಲ್ಲಿ 283 ಘನ ಇಂಚು ಆಯಿತು, 1962ರಲ್ಲಿ 327. 1967ರ ಕಮಾರೊ ಜೊತೆ 350 ಬಂತು. ಮುಂದೆ ಕಾರು, ವ್ಯಾನು, ಪಿಕಪ್ಪು, ದೋಣಿ ಎಲ್ಲದರಲ್ಲೂ 350. ಹಾಗಾಗಿ ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತಿತ್ತು. ಇನ್ನೊಂದು ಮಸಲ್ ಕಾರಾದ ಪಾಂಟಿಯಾಕ್ ಜಿಟಿಒ ಇಟ್ಟುಕೊಂಡವರಿಗೆ ಈ ಸುಖ ಇರಲಿಲ್ಲ. ಅದರ 389 ಪಾಂಟಿಯಾಕ್‌ನದೇ ಎಂಜಿನ್. ಗೇರ್‌ಬಾಕ್ಸ್ ಕೂರಿಸುವ ಬೋಲ್ಟುಗಳ ಜಾಗವೂ ಷೆವರ್ಲೆಗಿಂತ ಬೇರೆ.

1970ರ ದಶಕ ಎಲ್ಲವನ್ನೂ ಕೆಡಿಸಿತು. ಹೊಗೆ ಕಡಿಮೆ ಮಾಡಬೇಕೆಂಬ ಕಾನೂನು ಬಂತು. ಸೀಸ ಕಡಿಮೆ ಇರುವ ಪೆಟ್ರೋಲಿಗೆ ಹೊಂದಲೆಂದು 1971ರಲ್ಲಿ ಷೆವರ್ಲೆಯ ಒಡೆಯ ಕಂಪನಿ ಜನರಲ್ ಮೋಟಾರ್ಸ್ ಕಂಪ್ರೆಶನ್ (ಸಿಲಿಂಡರಿನೊಳಗೆ ಪೆಟ್ರೋಲು-ಗಾಳಿಯನ್ನು ಒತ್ತುವ ಪ್ರಮಾಣ) ಇಳಿಸಿತು. 1970ರ ಝಡ್28 ಕಮಾರೊದ 350ಕ್ಕೆ 360 ಹಾರ್ಸ್‌ಪವರ್. 1975ರ ಕಮಾರೊದಲ್ಲಿ ದೊಡ್ಡ ಕಾರ್ಬ್ಯುರೇಟರಿನ 350ಕ್ಕೂ 155 ಮಾತ್ರ. ಈ ಕುಸಿತದಲ್ಲಿ ಒಂದು ಪಾಲು ಲೆಕ್ಕದ್ದು. 1972ರಿಂದ ಸೈಲೆನ್ಸರ್, ಫ್ಯಾನು, ಪಂಪು ಎಲ್ಲ ಹಾಕಿದ ಎಂಜಿನ್ನಿನ ಶಕ್ತಿಯನ್ನೇ ಅಳೆಯತೊಡಗಿದರು. ಆದರೂ ಉಳಿದದ್ದು ನಿಜವಾದ ನಷ್ಟವೇ. ಹೀಗಾಗಿ ಅಗ್ಗಕ್ಕೆ ಸಿಕ್ಕ 350ರ ಬ್ಲಾಕ್ (ಎಂಜಿನ್ನಿನ ಮುಖ್ಯ ಒಡಲು) ಇಟ್ಟುಕೊಂಡು ಹೆಡ್, ಕ್ಯಾಮ್, ಕಾರ್ಬ್ಯುರೇಟರ್ ಬದಲಾಯಿಸುವುದು ರೂಢಿಯಾಯಿತು.

1997ರಲ್ಲಿ ಷೆವರ್ಲೆಯ ಕಾರ್ವೆಟ್ ಕಾರಿಗೆ ಎಲ್‌ಎಸ್1 ಎಂಬ ಹೊಸ ವಿ8 ಬಂತು. ಒಳಗೆ ಎಲ್ಲ ಹೊಸದು, ಆದರೆ ಅದೇ 4.4 ಇಂಚು. ಗೇರ್‌ಬಾಕ್ಸಿನ ಬೋಲ್ಟುಗಳೂ ಹೆಚ್ಚುಕಡಿಮೆ ಹಳೆ ಜಾಗದಲ್ಲೇ. ಹಾಗಾಗಿ ಹಳೆ ಷೆವರ್ಲೆಗೆ ಇದನ್ನು ಹೊಂದಿಸುವುದು ಅಷ್ಟೇನೂ ಕಷ್ಟವಲ್ಲ. ಅಲ್ಯೂಮಿನಿಯಂ ಬ್ಲಾಕ್ ಆದ್ದರಿಂದ ದುಬಾರಿ. 1999ರಲ್ಲಿ ಇದರ ಎರಕದ ಕಬ್ಬಿಣದ ತಮ್ಮ ಪಿಕಪ್ಪುಗಳಿಗೆ ಬಂತು. ಅದೇ ಈ 5.3. ತೂಕ ಸುಮಾರು 40 ಕಿಲೋ ಜಾಸ್ತಿ, ಸರಿ. ಆದರೆ ಕಾರ್ಖಾನೆಯಿಂದಲೇ 270 ಹಾರ್ಸ್‌ಪವರ್, ಅದೂ ಎಲ್ಲ ಹಾಕಿ ಅಳೆದದ್ದು. ಲಕ್ಷಗಟ್ಟಲೆ ಟ್ರಕ್ಕು ಮಾರಾಟವಾದವು. ಅವು ಗುದ್ದಿಕೊಂಡು, ತುಕ್ಕು ಹಿಡಿದು ಗುಜರಿ ಸೇರಿದಾಗ ಒಳಗಿನ ಎಂಜಿನ್ ಮಾತ್ರ ಗಟ್ಟಿಯಾಗಿಯೇ ಇತ್ತು.

ಹಾಗೆ ಉಳಿಯಬಹುದಾಗಿದ್ದ ಎಷ್ಟೋ ಎಂಜಿನ್‌ಗಳು ಉಳಿಯಲಿಲ್ಲ ಅನ್ನುವುದು ನನಗೆ ಇವತ್ತಿಗೂ ಸಂಕಟದ ಮಾತು. 2009ರಲ್ಲಿ ಅಮೆರಿಕ ಸರ್ಕಾರ ಹಳೆ ಗಾಡಿ ಕೊಟ್ಟು ಹೊಸದು ಕೊಳ್ಳುವವರಿಗೆ ಹಣ ಕೊಟ್ಟಿತು. ಸುಮಾರು 6.77 ಲಕ್ಷ ಗಾಡಿಗಳು ಬಂದವು. ಎಂಜಿನ್ ಮತ್ತೆ ಓಡಬಾರದೆಂಬುದು ನಿಯಮ. ಎಣ್ಣೆ ಬಸಿದು, ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು, ಚಾಲೂ ಮಾಡುತ್ತಿದ್ದರು. ಕಾವಿಗೆ ನೀರು ಆರಿ, ಬೇರಿಂಗ್‌ಗಳ ನಡುವೆ ಗಾಜಿನಂಥದ್ದು ಉಳಿಯುತ್ತಿತ್ತು. ಚೆನ್ನಾಗಿ ಓಡುತ್ತಿದ್ದ ಎಂಜಿನ್ ಕೆಲವೇ ನಿಮಿಷದಲ್ಲಿ ಕಿರುಗುಟ್ಟಿ ನಿಂತುಬಿಡುತ್ತಿತ್ತು.

5.3ರ ನಿಜವಾದ ಖರ್ಚು ಎಂಜಿನ್ ತಂದ ಮೇಲೆ ಶುರುವಾಗುತ್ತದೆ. ಟ್ರಕ್ಕಿನ ಆಯಿಲ್ ಪ್ಯಾನ್ ಆಳ ಜಾಸ್ತಿ, ಕಮಾರೊದ ಅಡಿಯ ಅಡ್ಡಪಟ್ಟಿಗೆ ತಾಗುತ್ತದೆ. ಗಾಳಿ ಒಳಗೆ ಬಿಡುವ ಮೇಲಿನ ಇನ್‌ಟೇಕ್ ಎತ್ತರ, ಬಾನೆಟ್ಟಿಗೆ ತಾಗಬಹುದು. ಎಂಜಿನ್ ಕೂರಿಸಲು ಅಡಾಪ್ಟರ್ ಪ್ಲೇಟ್ ಬೇಕು. ಹಳೆ ಕಾರ್ಬ್ಯುರೇಟರಿಗೆ ಆರೇಳು ಪಿಎಸ್‌ಐ ಒತ್ತಡದ ಪೆಟ್ರೋಲ್ ಸಾಕಿತ್ತು, ಇದಕ್ಕೆ 58 ಬೇಕು. ಅಂದರೆ ಹೊಸ ಪಂಪು, ಹೊಸ ಪೈಪು. ಜೊತೆಗೆ ಕಂಪ್ಯೂಟರು, ವೈರಿಂಗು. ಎಷ್ಟೋ ಸಲ ಇವೆಲ್ಲ ಸೇರಿ ಎಂಜಿನ್ನಿನ ಬೆಲೆಯನ್ನೇ ದಾಟುತ್ತವೆ.

ಅದಕ್ಕೇ ನಾನು ಹೇಳುವುದು ಇಷ್ಟು. ಕಾರಿನಲ್ಲಿ ಈಗಾಗಲೇ ಹಳೆ 350 ಇದ್ದು, ಬ್ಲಾಕ್ ಗಟ್ಟಿ ಇದ್ದರೆ ಅದನ್ನೇ ರಿಪೇರಿ ಮಾಡಿಸಿ. ಸುಮ್ನೆ ಎಲ್ಲರೂ ಹಾಕಿಸುತ್ತಾರೆ ಅಂತ 5.3ರ ಹಿಂದೆ ಬೀಳಬೇಡಿ. ದಿನಾ ಓಡಿಸಬೇಕು, ದೂರ ಹೋಗಬೇಕು ಅನ್ನುವವರಿಗೆ 5.3ಕ್ಕೆ ಸಾಟಿ ಇಲ್ಲ. ಹುಡುಕುವಾಗ 2007ಕ್ಕಿಂತ ಹಿಂದಿನದು ಒಳ್ಳೆಯದು. ಆಮೇಲಿನ ಬಹಳಷ್ಟು ಎಂಜಿನ್‌ಗಳಲ್ಲಿ ಪೆಟ್ರೋಲ್ ಉಳಿಸಲು ನಾಲ್ಕು ಸಿಲಿಂಡರ್ ನಿಲ್ಲಿಸುವ ವ್ಯವಸ್ಥೆ ಇದೆ. ಅದರ ಲಿಫ್ಟರುಗಳು (ಪುಶ್‌ರಾಡ್‌ಗಳನ್ನು ಮೇಲೆತ್ತುವ ಭಾಗಗಳು) ಕೈಕೊಡುವುದು ಹೆಚ್ಚು.

ಗುಜರಿಯಲ್ಲಿ ಮೊದಲು ಎಣ್ಣೆ ಹಾಕುವ ಮುಚ್ಚಳ ತೆಗೆದು ಅದರ ಒಳಮೈಗೆ ಬೆರಳು ಒರೆಸಿ ನೋಡಿ. ಕಪ್ಪು ಗಸಿ ಅಂಟಿದರೆ ಮುಂದಿನ ಟ್ರಕ್ಕಿಗೆ ಹೋಗಿ. ಚೆನ್ನಾಗಿದ್ದರೆ ಎಂಟೂ ಪ್ಲಗ್ ಬಿಚ್ಚಿ, ಕ್ರ್ಯಾಂಕಿನ ಮುಂದಿನ 24 ಎಂಎಂ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಪೂರ್ತಿ ಎರಡು ಸುತ್ತು ನಿಧಾನಕ್ಕೆ ತಿರುಗಿಸಿ. ಎಲ್ಲೂ ತಡೆಯದೆ ತಿರುಗಿದರೆ ಆಮೇಲೆ ಬೆಲೆ ಮಾತಾಡಿ.